ಹಾರ ಹಾಕಿದ ಮೇಲೆ ಒಂದು ಪ್ರಶ್ನೆ

ಚುನಾವಣೆ ಹತ್ತಿರವಾದಂತೆ ನಮ್ಮ ಸಂಘಗಳ ವೇದಿಕೆಗಳಿಗೆ ಒಬ್ಬ ಅತಿಥಿ ಹೆಚ್ಚಾಗುತ್ತಾರೆ. ಅವರಿಗೆ ನಾವು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಅವರು ಕಲಿತು ಬಂದ ಎರಡು ಕನ್ನಡ ಮಾತನ್ನಾಡಿದರೆ ಒಂದು ಚಪ್ಪಾಳೆ. ಕನ್ನಡಿಗರು ಶಾಂತಿಪ್ರಿಯರು, ಕಷ್ಟಜೀವಿಗಳು ಎಂದರೆ ಇನ್ನೊಂದು. ಮುಂದಿನ ಸಭೆಗೆ ಹೊತ್ತಾಯಿತೆಂದು ಅವರು ಇಳಿದು ಹೋಗುತ್ತಾರೆ. ನಲ್ಲಿಯಲ್ಲಿ ನೀರು ಬಾರದೆ ಬೇಸತ್ತವರು, ಮಗುವಿಗೆ ಹತ್ತಿರದಲ್ಲಿ ಕನ್ನಡ ಶಾಲೆ ಸಿಗದವರು ಸಭೆಯಲ್ಲೇ ಇರುತ್ತಾರೆ. ಆದರೂ ಯಾರೂ ಬಾಯಿಬಿಡುವುದಿಲ್ಲ. ಬಂದ ಅತಿಥಿಯನ್ನು ಪ್ರಶ್ನಿಸುವುದು ಸಭ್ಯತೆಯಲ್ಲ ಎಂಬುದು ನಮ್ಮ ಭಾವನೆ.

ಇದು ಸಭ್ಯತೆಯೋ, ಹೊಣೆಗೇಡಿತನವೋ?

ಇದೇ ಸಂಘದ ವಾರ್ಷಿಕ ಮಹಾಸಭೆಯನ್ನು ನೆನೆಯೋಣ. ಸಂಬಳವಿಲ್ಲದೆ ವರ್ಷವಿಡೀ ದುಡಿದ ನಮ್ಮ ಕೋಶಾಧಿಕಾರಿಯನ್ನು ಚಹಾ-ತಿಂಡಿಯ ಬಾಬತ್ತಿಗಾಗಿ ಅರ್ಧ ಗಂಟೆ ನಿಲ್ಲಿಸಿ ಕೇಳುತ್ತೇವೆ. ಅವರು ಪ್ರಾಮಾಣಿಕರೆಂಬುದು ನಮಗೆ ಗೊತ್ತು. ಆದರೂ ಕೇಳುತ್ತೇವೆ, ಅವರೂ ಬೇಸರಿಸದೆ ಲೆಕ್ಕ ಒಪ್ಪಿಸುತ್ತಾರೆ. ಪ್ರಶ್ನೆ ಅಪನಂಬಿಕೆಯ ಗುರುತಲ್ಲ, ನಂಬಿಕೆಯನ್ನು ಉಳಿಸುವ ದಾರಿ ಎಂದು ಅಲ್ಲಿ ನಮಗೆ ತಿಳಿದಿದೆ. ನೂರು ರೂಪಾಯಿಯ ಚಹಾಕ್ಕೆ ಇರುವ ಈ ಎಚ್ಚರ ಐದು ವರ್ಷದ ಅಧಿಕಾರಕ್ಕೆ ಏಕಿಲ್ಲ? 'ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ' ಎಂದು ಆಮೇಲೆ ಗೊಣಗುವುದರಲ್ಲಿ ಅರ್ಥವಿಲ್ಲ. ಕೊಡುವಾಗ ಕೇಳದವನನ್ನು ಕೋಡಂಗಿ ಮಾಡಲು ಬೇರೆಯವರು ಬೇಕಿಲ್ಲ.

ಅಭ್ಯರ್ಥಿಯ ವಿಷಯ ತಿಳಿಯುವುದೇ ಇಲ್ಲವಲ್ಲ ಎನ್ನಬಹುದು. 2002 ಮತ್ತು 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪುಗಳಿಂದಾಗಿ, ಪ್ರತಿಯೊಬ್ಬ ಅಭ್ಯರ್ಥಿ ತನ್ನ ಮೇಲಿರುವ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಅದು ಎಲ್ಲರಿಗೂ ನೋಡಲು ಸಿಗುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅದನ್ನು ತೆಗೆದು ಓದಿದ್ದೇವೆ? ಆದರೆ ಆ ಪತ್ರ ಹೇಳುವುದು ವ್ಯಕ್ತಿ ಈವರೆಗೆ ಏನಾಗಿದ್ದಾನೆ ಎಂಬುದನ್ನು. ಮುಂದೆ ಏನು ಮಾಡುವನೆಂಬುದು ಅದರಲ್ಲಿಲ್ಲ. ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಕೇಳುವುದಕ್ಕೂ ವಿವೇಕ ಬೇಕು. 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮತದಾರರಿಗೆ ಎಡ್ಮಂಡ್ ಬರ್ಕ್ ಒಂದು ಮಾತನ್ನು ಸ್ಪಷ್ಟಪಡಿಸಿದ: ಪ್ರತಿನಿಧಿಯು ಮತದಾರರ ಅಭಿಪ್ರಾಯಕ್ಕಾಗಿ ತನ್ನ ವಿವೇಚನೆಯನ್ನು ಬಲಿಕೊಡಬಾರದು. ಮಾತು ದೊಡ್ಡದು. ಆದರೆ ಅದೇ ಬರ್ಕ್ 1780ರಲ್ಲಿ ಆ ಮತದಾರರ ಮುಂದೆಯೇ ನಿಂತು, ತಾನು ಮಾಡಿದ್ದೇಕೆಂದು ಕಾರಣ ಕೊಟ್ಟ. ಬೆಂಬಲವಿಲ್ಲವೆಂದು ಕಂಡು ಕಣದಿಂದ ಹಿಂದೆ ಸರಿದ. ವಿವೇಚನೆಯ ಸ್ವಾತಂತ್ರ್ಯ ಬೇಕೆನ್ನುವವನು ಉತ್ತರ ಕೊಡುವ ಋಣವನ್ನೂ ಹೊರಬೇಕು.

ನಮ್ಮ ದೇಶದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ, ಸಂಸತ್ತಿನಲ್ಲಾಗಲಿ ವಿಧಾನಸಭೆಯಲ್ಲಾಗಲಿ ಪಕ್ಷದ ಆಜ್ಞೆ ಮೀರಿ ಮತ ಹಾಕಿದವನ ಸ್ಥಾನಕ್ಕೇ ಸಂಚಕಾರ. ಆದ್ದರಿಂದ ಅಭ್ಯರ್ಥಿ ಒಳ್ಳೆಯವನೇ ಎಂದು ಕೇಳಿದರೆ ಸಾಲದು, ಅವನ ಪಕ್ಷದ ನಿಲುವೇನೆಂದೂ ಕೇಳಬೇಕು. ಆದರೆ ಸದನದಲ್ಲಿ ಪ್ರಶ್ನೆ ಎತ್ತಲು ಆ ಕಾನೂನು ಅಡ್ಡಿಯಲ್ಲ. ಐದು ವರ್ಷದಲ್ಲಿ ನಮ್ಮ ಪರವಾಗಿ ಎಷ್ಟು ಪ್ರಶ್ನೆ ಎತ್ತಿದಿರಿ ಎಂದು ಕೇಳಿದರೆ ಯಾವ ಪಕ್ಷದ ನೆಪವೂ ನಡೆಯದು.

ಯಾರನ್ನು ಏನು ಕೇಳಬೇಕೆಂಬುದೂ ಮುಖ್ಯ. ಲೋಕಲ್ ರೈಲಿನ ನೂಕುನುಗ್ಗಲಿಗೆ ನಗರಸೇವಕನನ್ನು ದೂರುತ್ತೇವೆ, ಗಟಾರ ಕಟ್ಟಿದರೆ ಸಂಸದನಿಗೆ ಅರ್ಜಿ ಬರೆಯುತ್ತೇವೆ. ರೈಲು ಕೇಂದ್ರದ್ದು, ಪೊಲೀಸು ರಾಜ್ಯದ್ದು, ನೀರು-ಕಸ-ಗಟಾರ ಪಾಲಿಕೆಯದು. ಕನ್ನಡ ಮಾಧ್ಯಮದ ಶಾಲೆಗಳನ್ನೂ ಮುಂಬಯಿ ಮಹಾನಗರಪಾಲಿಕೆ ನಡೆಸಿಕೊಂಡು ಬಂದಿದೆ. ಆ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. 2026ರ ಜನವರಿಯಲ್ಲಿ ಚುನಾವಣೆಯಾಗುವವರೆಗೆ ಸರಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲೇ ನಡೆಯಿತು. ಸುಮಾರು ನಾಲ್ಕು ವರ್ಷ ನಮಗೆ ನಗರಸೇವಕರೇ ಇರಲಿಲ್ಲ. ಆ ಕೊರತೆ ನಮ್ಮಲ್ಲಿ ಎಷ್ಟು ಮಂದಿಯ ಗಮನಕ್ಕೆ ಬಂತು? ಲೆಕ್ಕ ಕೇಳುವ ರೂಢಿಯಿಲ್ಲದವರಿಗೆ ಲೆಕ್ಕ ಕೊಡುವವನಿಲ್ಲದ್ದು ತಿಳಿಯುವುದಾದರೂ ಹೇಗೆ?

'ನಾವು ಹೊರಗಿನಿಂದ ಬಂದವರು, ನಮಗೇಕೆ?' ಎಂಬ ಸಂಕೋಚ ನಮ್ಮ ಹಿರಿಯರಿಂದ ಬಂದದ್ದು. ಕಾನೂನು ಹಾಗೆನ್ನುವುದಿಲ್ಲ. ವಾಡಿಕೆಯಾಗಿ ವಾಸಿಸುವ ಕ್ಷೇತ್ರದಲ್ಲಿ ಹೆಸರಿರಬೇಕು, ಒಂದೇ ಕಡೆ ಇರಬೇಕು ಎನ್ನುತ್ತದೆ. ಊರಿನ ಪಟ್ಟಿಯಲ್ಲೂ ಇಲ್ಲಿನ ಪಟ್ಟಿಯಲ್ಲೂ ಹೆಸರಿಟ್ಟುಕೊಂಡು ಎರಡೂ ಕಡೆ ಮೌನವಾಗಿರುವವರು ನಮ್ಮಲ್ಲಿಲ್ಲವೆ? ಊರಿನ ಮೇಲಿನ ಮಮತೆ ಸಹಜ. ಆದರೆ ಅನ್ನ ಕೊಟ್ಟ ನಗರದ ಋಣ ತೀರಬೇಕಾದರೆ ಅದರ ಆಡಳಿತದ ಯೋಚನೆಯನ್ನೂ ನಾವು ಮಾಡಬೇಕು.

'ನಮ್ಮವರು' ಎಂಬ ಒಂದೇ ಕಾರಣಕ್ಕೆ ಮತ ಕೊಡುವುದೂ ಈ ಮೌನದ ಇನ್ನೊಂದು ರೂಪವೇ. ನಮ್ಮವನಾದರೆ ಇನ್ನೂ ಸಲಿಗೆಯಿಂದ ಕೇಳಬಹುದಲ್ಲ!

ಮುಂದಿನ ಬಾರಿ ಅತಿಥಿ ಬಂದಾಗ ಹಾರ ಹಾಕೋಣ. ನಮ್ಮ ಸಂಪ್ರದಾಯ ಬಿಡುವುದು ಬೇಡ. ಹಾರ ಹಾಕಿದ ಮೇಲೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡೋಣ. ಗೆದ್ದವರನ್ನು ಒಂದು ವರ್ಷದ ನಂತರ ಮತ್ತೆ ಕರೆದು, ಆ ಪುಟ ತೆರೆದು ಓದೋಣ. ಅವರು ಬಾರದಿದ್ದರೆ ಅದನ್ನೂ ಬರೆದಿಡೋಣ. ಆಡಳಿತ ಕೆಟ್ಟಾಗ ಆಳಿದವನದು ಒಂದು ಪಾಲು, ಕೇಳದೆ ಕುಳಿತ ನಮ್ಮದು ಇನ್ನೊಂದು ಪಾಲು. ನಮ್ಮ ಪಾಲನ್ನಾದರೂ ಕಡಿಮೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.