ಇಳಿಯದೆ ಸಾಗುವ ದಾರಿ

ಸೈಕಲ್ ಹತ್ತಿದವನು ಯಾವಾಗ ಇಳಿಯುತ್ತಾನೆ? ಏರು ಬಂದಾಗ, ಚೈನು ಬಿದ್ದಾಗ, ಗಾಳಿ ಹೋದಾಗ. ನಮ್ಮ ಅಪ್ಪಂದಿರು ಇವು ಯಾವುವೂ ಇಲ್ಲದಾಗಲೂ ಇಳಿದರು. ಅವರು ಕೂಲಿಗೆ ಹೋಗುತ್ತಿದ್ದ ಒಂದು ಊರಿನಲ್ಲಿ, ಹೆಸರು ಬೇಡ, ದೊಡ್ಡ ಮನೆಯ ಕಟ್ಟೆ ಕಾಣುತ್ತಲೇ ಇಳಿದು, ಸೈಕಲ್ ತಳ್ಳಿಕೊಂಡು ನಡೆದು, ಕಟ್ಟೆ ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದರು. ಇಳಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾಲೇ ಇಳಿಯುತ್ತಿತ್ತು. ಕ್ಯಾರಿಯರ್ ಮೇಲಿದ್ದ ನಾವೂ ಇಳಿಯುತ್ತಿದ್ದೆವು. "ಯಪ್ಪಾ, ಯಾಕ ಇಳಿದಿ?" ಎಂದರೆ, "ಸುಮ್ನ ಬಾರಲೇ, ಕಾಲು ಹಿಡದಾವು" ಎನ್ನುತ್ತಿದ್ದರು. ಇಪ್ಪತ್ತು ಮಾರು ದಾಟಿದರೆ ಹಿಡಿದ ಕಾಲು ಬಿಟ್ಟುಬಿಡುತ್ತಿದ್ದವು!

ಈ ಹಳೆಯ ಮಾತು ಈಗೇಕೆ? ಕಾರಣವಿದೆ. ನಮ್ಮದು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯೂ ರೈಲುದಾರಿಯೂ ನಮ್ಮನ್ನು ಮುಟ್ಟಿಕೊಂಡೇ ಹೋಗುತ್ತವೆ. ಬಳ್ಳಾರಿಯ ಕಡೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ತೆಂಕಣಕ್ಕೆ ಸಂಡೂರಿನ ಗುಡ್ಡಗಳು. ಆ ಗುಡ್ಡಸಾಲುಗಳ ನಡುವೆ ಕಾಡು ಹೊದ್ದ ಕಣಿವೆ. ಓಬಳಗಂಡಿ, ಭೀಮಗಂಡಿಗಳಲ್ಲಿ ಗುಡ್ಡ ಸೀಳಿಕೊಂಡು ಹರಿಯುವ ನಾರಿಹಳ್ಳ. ಮಳೆ ಬಿದ್ದು ಹಸಿರಾದ ಮೇಲೆ ಅಲ್ಲಿನ ಗರಸು ದಾರಿಗಳಿಗೆ ಪಟ್ಟಣದ ಹುಡುಗರು ದಪ್ಪ ಟೈರಿನ ಗೇರ್ ಸೈಕಲ್ ತರುತ್ತಾರೆ. ಒಳ್ಳೆಯ ಹುಡುಗರು. ನೀರು ಕೇಳಿದರು, ಕೊಟ್ಟೆವು, ಕುಡಿದರು. ಅವರಲ್ಲೊಬ್ಬ ಹೇಳಿದ: "ಇಲ್ಲಿ ಟ್ರಾಫಿಕ್ಕೇ ಇಲ್ಲ ನೋಡಿ. ಸ್ವಾತಂತ್ರ್ಯ ಅಂದ್ರೆ ಇದು."

ಆ ಮಾತು ನಮ್ಮನ್ನು ಬಿಡಲಿಲ್ಲ. ದಾರಿಯಲ್ಲಿ ವಾಹನ ಇಲ್ಲದಿರುವುದೇ ಸ್ವಾತಂತ್ರ್ಯವೇ? ಹಾಗಾದರೆ ನಮ್ಮ ಅಪ್ಪಂದಿರು ಇಳಿದ ಆ ಊರಿನ ದಾರಿಯಲ್ಲಿ ಎಷ್ಟು ವಾಹನವಿತ್ತು? ನಾಲ್ಕು ಬಂಡಿ, ಎರಡು ಟ್ರ್ಯಾಕ್ಟರ್. ಎದುರಿಗೆ ಒಂದು ನಾಯಿಯೂ ಇಲ್ಲದ ಖಾಲಿ ದಾರಿಯಲ್ಲೇ ಅವರು ಇಳಿದದ್ದು.

ಎರಡನೆಯ ಸಲ ನಮ್ಮನ್ನು ಇಳಿಸಿದ್ದು ಲಾರಿ. 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ಸ್ ನಡೆಯಿತು. ಆ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಏರಿದಂತೆ ಇಲ್ಲಿ ಗುಡ್ಡಗಳು ಕರಗಿದವು. ಅದಿರಿನ ಲಾರಿಗಳು ಇರುವೆ ಸಾಲಿನ ಹಾಗೆ ಹಗಲೂ ರಾತ್ರಿ ಹರಿದವು. ಎಲೆ ಕೆಂಪು, ರೊಟ್ಟಿ ಕೆಂಪು, ಕೆಮ್ಮಿದರೆ ಉಗುಳೂ ಕೆಂಪು. ಸ್ಕೂಲಿಗೆ ಹೊರಟ ನಾವು ಹಾರ್ನ್ ಕೇಳಿದ ಕೂಡಲೇ ತಗ್ಗಿಗೆ ಇಳಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆವು. ಕಟ್ಟೆಗೆ ಜಾತಿ ಇದೆ, ಲಾರಿಗೆ ಇಲ್ಲವಲ್ಲ ಎಂದು ಆಗ ಅಂದುಕೊಂಡೆವು. ಆದರೆ ಸುತ್ತಿಗೆ ಹಿಡಿದು ಅದಿರು ಕುಟ್ಟಿದವರು ಯಾವ ಕೇರಿಯವರು, ಹೆಲಿಕಾಪ್ಟರ್ ಏರಿದವರು ಯಾವ ಮನೆಯವರು ಎಂದು ಲೆಕ್ಕ ಹಾಕಿದರೆ ಲಾರಿಯ ಜಾತಿಯೂ ತಿಳಿಯುತ್ತದೆ.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ದಾರಿ ಖಾಲಿಯಾಯಿತು. ಬೇವಿನ ಎಲೆ ಹಸಿರೆಂದು ಮತ್ತೆ ಗೊತ್ತಾಯಿತು. ನಾವು ಹುಡುಗರು ಹೆದ್ದಾರಿಯ ನಡುಮಧ್ಯೆ ಸೈಕಲ್ ಹೊಡೆದೆವು, ಕೈ ಬಿಟ್ಟು ಹೊಡೆದೆವು. ಅದೇ ಹೊತ್ತಿಗೆ ಕೇರಿಯ ಅಕ್ಕನೊಬ್ಬಳು ತನ್ನ ಸುತ್ತಿಗೆಯನ್ನು ಜಂತಿಗೆ ಸಿಕ್ಕಿಸಿ ಹೇಳಿದಳು: "ಧೂಳು ಹೋತು ತಮ್ಮಾ, ಕೂಲೀನೂ ಹೋತು." ನಾವು ಉಸಿರಾಡಿದ ಆ ಗಾಳಿಗೆ ಅವಳ ಒಲೆ ಬೆಲೆ ಕೊಟ್ಟಿತ್ತು. ಗಣಿ ನಡೆದಾಗ ಅವಳನ್ನು ಯಾರೂ ಕೇಳಲಿಲ್ಲ, ನಿಂತಾಗಲೂ ಕೇಳಲಿಲ್ಲ.

2013ರ ಏಪ್ರಿಲ್‌ನಲ್ಲಿ ಕೋರ್ಟು ಹೆಚ್ಚು ಅಕ್ರಮ ಎಸಗಿದ ಗಣಿಗಳ ಗುತ್ತಿಗೆ ರದ್ದು ಮಾಡಿ, ಉಳಿದವು ಮಿತಿಯೊಳಗೆ ನಡೆಯಲು ದಾರಿ ಬಿಟ್ಟಿತು. ಈಗ ಅದಿರಿನ ಒಂದು ಭಾಗ ಕನ್ವೇಯರ್ ಬೆಲ್ಟಿನ ಮೇಲೆ ಕಾಡು ದಾಟಿ ಕಾರ್ಖಾನೆಗೆ ಬರುತ್ತದೆ. ಅಷ್ಟರ ಮಟ್ಟಿಗೆ ಲಾರಿ ಕಡಿಮೆ, ಧೂಳು ಕಡಿಮೆ. ಡ್ರೈವರ್, ಕ್ಲೀನರ್, ಚಾ ಅಂಗಡಿಯವ್ವನೂ ಕಡಿಮೆ. ಧೂಳು ಮತ್ತೆ ಬರಲಿ ಎಂದು ನಾವು ಬೇಡುವುದಿಲ್ಲ. ದಾರಿ ಖಾಲಿಯಾದಾಗ ಯಾರ ಮನೆ ಖಾಲಿಯಾಯಿತು ಎಂದು ಕೇಳುವುದನ್ನು ಮಾತ್ರ ಬಿಡುವುದಿಲ್ಲ.

ಮೂರನೆಯದು ಕಾಡಿನ ಗೇಟು. ಒಂದು ಐತವಾರ ನಾವು ನಾಲ್ವರು ಸ್ನೇಹಿತರು ಹಳೆಯ ಸೈಕಲ್ ಹತ್ತಿ ಹೊರಟೆವು. ಎರಡು ಸೈಕಲ್ ಸರ್ಕಾರ ಕೊಟ್ಟವು. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆಂದು ಶುರುವಾಗಿ, ಕೋವಿಡ್ ವರ್ಷಗಳಲ್ಲಿ ನಿಂತುಹೋದ ಯೋಜನೆಯ ಸೈಕಲ್‌ಗಳು. ಗೇಟಿನ ಹತ್ತಿರ ಗೇರ್ ಸೈಕಲ್ಲಿನವರು ಮೊದಲು ಹೋದರು. ಗೇಟಿನವನು "ಹುಷಾರಾಗಿ ಹೋಗ್ರಿ ಸರ್" ಎಂದ. ಎದುರಿನಿಂದ ಒಣ ಸೌದೆ ಹೊತ್ತು ಬಂದ ಮುದುಕಿಯ ಹೊರೆ ಇಳಿಸಿದ. ಆಮೇಲೆ ನಮ್ಮನ್ನು ಇಳಿಸಿದ.

"ಎಲ್ಲಿಗೆ?"

"ಒಳಗ."

"ಏನ್ ಕೆಲಸ?"

"ಏನಿಲ್ಲ, ಸುಮ್ನ."

"ಸುಮ್ನ ಯಾರರ ಕಾಡಿಗೆ ಹೋಗ್ತಾರೇನಲೇ?"

ಕಾಡಿಗೆ ಕಾಯಿದೆ ಬೇಡ ಎನ್ನುವವರು ನಾವಲ್ಲ. ಆದರೆ ಇದೇ ಸಂಡೂರಿನ ದೇವದಾರಿ ಗುಡ್ಡದಲ್ಲಿ 99 ಸಾವಿರಕ್ಕೂ ಹೆಚ್ಚು ಮರ ಕಡಿಯಬೇಕಾಗುವ ಗಣಿ ಯೋಜನೆಗೆ ಅನುಮತಿಯ ಕಾಗದಗಳು ಒಂದೊಂದಾಗಿ ಸಿಕ್ಕವು. 2024ರಲ್ಲಿ ಅದು ದೊಡ್ಡ ಸುದ್ದಿಯಾಗಿ ಜನ ವಿರೋಧಿಸಬೇಕಾಯಿತು. ಮುದುಕಿಯ ತಲೆಹೊರೆಗೆ ಬಿದ್ದ ಕಣ್ಣು ಅಷ್ಟು ಮರಗಳಿಗೆ ಬೀಳುವುದು ಎಷ್ಟು ತಡ!

ದಾರಿಗಾಗಿ ಈ ನಾಡಿನಲ್ಲಿ ಜನ ಬಡಿಸಿಕೊಂಡಿದ್ದಾರೆ, ಜೈಲಿಗೆ ಹೋಗಿದ್ದಾರೆ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ಗುಡಿಯೊಳಗೆ ಹೋಗಲಿಕ್ಕಲ್ಲ, ಗುಡಿಯ ಸುತ್ತಲಿನ ಬೀದಿಯಲ್ಲಿ ನಡೆಯಲಿಕ್ಕೆ. ನಮ್ಮ ಸಂಡೂರಿನ ರಾಜರು 1930ರ ದಶಕದ ಮೊದಲಲ್ಲೇ ಕುಮಾರಸ್ವಾಮಿ ಗುಡಿಯನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧಿ ಸಂಡೂರಿಗೆ ಬಂದರು. ಒಳ್ಳೆಯದಾಯಿತು. ಆದರೆ ದೇವರ ಬಾಗಿಲು ತೆರೆದ ಮಾತ್ರಕ್ಕೆ ಕಟ್ಟೆಯ ಮುಂದಿನ ಬೀದಿ ತೆರೆಯುವುದಿಲ್ಲ. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯೂ ಇದೆ. ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿ ತಡೆಯುವಂತಿಲ್ಲ.

ಅದೂ ಸಾಲಲಿಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂತು. ದಲಿತರು, ಆದಿವಾಸಿಗಳು ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಎಂದು ಅದರಲ್ಲಿ ಬರೆದಿದೆ. ಗೆಳೆಯರೇ, ಇನ್ನೊಮ್ಮೆ ಓದಿರಿ. ಮಂಗಳ ಗ್ರಹಕ್ಕೆ ನೌಕೆ ಮುಟ್ಟಿಸಿದ ಮರುವರ್ಷ ಈ ದೇಶದ ಪಾರ್ಲಿಮೆಂಟು ಸೈಕಲ್ ಎಂಬ ಮಾತನ್ನು ದೌರ್ಜನ್ಯದ ಕಾಯಿದೆಯೊಳಗೆ ಬರೆಯಬೇಕಾಯಿತು. ನಮ್ಮ ಅಪ್ಪಂದಿರ ಕಾಲು ಸುಳ್ಳು ಹೇಳಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಸಂಘಟನೆಯ ಹಿರಿಯಣ್ಣನೊಬ್ಬ ಬೈದ: "ಮನಿಗೆ ಜಾಗ ಇಲ್ಲ, ದುಡಿಮಿಗೆ ಸರಿಯಾದ ಕೂಲಿ ಇಲ್ಲ. ನಿಮಗ ಕಾಡಿನಾಗ ಸೈಕಲ್ ಹೊಡಿಯೋ ಚಿಂತಿ!" ಅಣ್ಣನ ಮಾತು ಸುಳ್ಳಲ್ಲ. ಜಾಗ, ಕೂಲಿ ಮೊದಲು. ಆದರೆ ಒಂದು ಮಾತು ಕೇಳುತ್ತೇವೆ. ನಮ್ಮವರು ಯಾವತ್ತಾದರೂ ಕೆಲಸವಿಲ್ಲದೆ ದಾರಿ ಹಿಡಿದಿದ್ದಾರೆಯೇ? ಕೂಲಿಗೆ ಹೋದರು, ಸೌದೆಗೆ ಹೋದರು, ಸೀತಾಫಲ ಆರಿಸಿ ಮಾರಲು ಹೋದರು, ಸಾವಿನ ಸುದ್ದಿ ಹೇಳಲು ಹೋದರು. ಕಣಿವೆಯನ್ನು ತಲೆಯ ಮೇಲೆ ಹೊತ್ತರು, ತಲೆಯೆತ್ತಿ ನೋಡಲಿಲ್ಲ. ರಾಮಗಡದ ಗುಡ್ಡದ ಮೇಲೆ ಬ್ರಿಟಿಷ್ ಸಿಪಾಯಿಗಳು ತಂಪು ಗಾಳಿಗೆಂದು ಬಂದು ಇದ್ದರು. ಅವರ ಸಾಮಾನು ಯಾರ ಹೆಗಲ ಮೇಲೆ ಹತ್ತಿತೋ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಕೆಲಸವಿದ್ದಾಗ ಮಾತ್ರ ದಾರಿ ಕೊಡುವುದು ಎತ್ತಿಗೆ. ಮನುಷ್ಯನಿಗೆ ಸುಮ್ಮನೆ ಹೋಗಲೂ ದಾರಿ ಬೇಕು. ಆ 'ಸುಮ್ಮನೆ'ಯನ್ನೂ ಹಕ್ಕುಗಳ ಪಟ್ಟಿಯಲ್ಲಿ ಬರೆಯಿರಿ ಎನ್ನುತ್ತೇವೆ.

ಆ ದಿನ ಗೇಟಿನಲ್ಲಿ ವಾದ ಮಾಡಿದೆವು. ಅವರಿಗೊಂದು ನಮಗೊಂದು ಕಾಯಿದೆ ಇದ್ದರೆ ಬರೆದು ಕೊಡಿ ಎಂದೆವು. ಬರೆಯಲಿಲ್ಲ, ಬಿಟ್ಟ. ಅಜ್ಜಿಯ ಹೊರೆಯನ್ನು ನಾವೇ ಎತ್ತಿ ಅವಳ ತಲೆಗೆ ಕೊಟ್ಟೆವು.

ಗರಸಿನ ಮೇಲೆ ಸೈಕಲ್ ಹೊಡೆಯುವುದು ಡಾಂಬರಿನ ಮೇಲೆ ಹೊಡೆದ ಹಾಗಲ್ಲ. ಟೈರಿನ ಗಾಳಿ ಸ್ವಲ್ಪ ಇಳಿಸಬೇಕು. ಆಗ ಟೈರು ಹರಳನ್ನು ಅಪ್ಪಿ ಹಿಡಿಯುತ್ತದೆ. ಹ್ಯಾಂಡಲ್ ಬಿಗಿ ಹಿಡಿಯಬಾರದು. ಮುಂದಿನ ಬ್ರೇಕ್ ಗಕ್ಕನೆ ಒತ್ತಿದರೆ ಚಕ್ರ ಜಾರಿ ಬೀಳುತ್ತೀರಿ. ಹೆದರಿ ನಿಧಾನ ಮಾಡಿದಷ್ಟೂ ಸೈಕಲ್ ಓಲಾಡುತ್ತದೆ, ತುಳಿಯುತ್ತಿದ್ದರೆ ತಾನೇ ನೆಟ್ಟಗಾಗುತ್ತದೆ. ಇದನ್ನು ಯಾರೂ ಕಲಿಸಲಿಲ್ಲ. ಬಿದ್ದು ಕಲಿತೆವು.

ಮುಂದಿನ ಐತವಾರ ನಮ್ಮಲ್ಲೊಬ್ಬನ ಅಪ್ಪನನ್ನೂ ಕರೆದುಕೊಂಡು ಹೋದೆವು. ಅರವತ್ತು ದಾಟಿದ ಮನುಷ್ಯ ನಮಗಿಂತ ಚೆನ್ನಾಗಿ ತುಳಿದ. ಎರಡೂ ಕಡೆ ಕಾಡು, ಕೆಳಗೆ ಹಳ್ಳದ ಸಪ್ಪಳ. ಲಾರಿ ಇಲ್ಲ, ಕಟ್ಟೆ ಇಲ್ಲ. ತಿರುವಿನಲ್ಲಿ ಎದುರಿನಿಂದ ಬಿಳಿ ಟೋಪಿಯ ಗೇರ್ ಸೈಕಲ್ಲಿನವನೊಬ್ಬ ಬಂದ. ಕೈಯೆತ್ತಿ "ನಮಸ್ಕಾರ" ಎಂದ. ಅಪ್ಪ ತಟ್ಟನೆ ಸೈಕಲ್ಲಿಂದ ಇಳಿದು, ದಾರಿ ಬಿಟ್ಟು, ಹುಲ್ಲಿನಲ್ಲಿ ನಿಂತ.

ಅವನು ಹೋದ ಮೇಲೆ ಮಗ ಕೇಳಿದ, "ಯಪ್ಪಾ, ಯಾಕ ಇಳಿದಿ?"

ಅಪ್ಪ ಈ ಸಲ ಕಾಲು ಹಿಡದಾವು ಎನ್ನಲಿಲ್ಲ. ತುಸು ಹೊತ್ತು ಹ್ಯಾಂಡಲ್ ನೋಡುತ್ತ ನಿಂತ. "ಗೊತ್ತಿಲ್ಲಪ್ಪ," ಎಂದ.

ಅದಕ್ಕೇ ಹೇಳುತ್ತೇವೆ, ವಾಹನ ಹೋದ ಮಾತ್ರಕ್ಕೆ ದಾರಿ ಬಿಡುವಾಗುವುದಿಲ್ಲ. ಈ ಐತವಾರ ಮತ್ತೆ ಹೋಗುತ್ತೇವೆ. ಅಪ್ಪನನ್ನು ಮುಂದೆ ಬಿಟ್ಟು ನಾವು ಹಿಂದೆ ಬರುತ್ತೇವೆ. ಬರುವವರು ಬನ್ನಿ.