ಜಗಲಿಯಿಲ್ಲದ ಮನೆ

ಮೇ ತಿಂಗಳ ಮೊದಲ ವಾರ. ಮಿಡಿಗೇಶಿಯಲ್ಲಿ ಆ ಹೊತ್ತಿಗೆ ಬಂಡೆಯ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಡೆನ್ವರ್‌ನಿಂದ ಬಾಡಿಗೆಯ ಮೋಟರ್‌ಹೋಮ್‌ನಲ್ಲಿ ಯೆಲ್ಲೋಸ್ಟೋನ್ ಕಡೆ ಹೊರಟ ನಾವು ವಯೋಮಿಂಗ್‌ನ ಲ್ಯಾರಮಿಯಲ್ಲಿ ಹಿಮಕ್ಕೆ ಸಿಕ್ಕಿಕೊಂಡೆವು. 7,000 ಅಡಿಗೂ ಎತ್ತರದ ಊರು. ಅಲ್ಲಿಂದ ರಾಲಿನ್ಸ್‌ವರೆಗಿನ ಸುಮಾರು 160 ಕಿಲೋಮೀಟರ್ ಹೆದ್ದಾರಿಯನ್ನು ಹಿಮಗಾಳಿ ಎದ್ದಾಗ ಗೇಟು ಹಾಕಿ ಮುಚ್ಚಿಬಿಡುತ್ತಾರೆ. ಹಳೆಯ ರಸ್ತೆ ಉತ್ತರಕ್ಕೆ ಮೆಡಿಸಿನ್ ಬೋ ಊರನ್ನು ಬಳಸಿ ಹೋಗುತ್ತಿತ್ತಂತೆ. ಹೊಸದನ್ನು ಎಲ್ಕ್ ಮೌಂಟನ್ ಬುಡದಲ್ಲಿ ಎಳೆದು 1970ರಲ್ಲಿ ತೆರೆದರು. ಅಲ್ಲಿ ಬೇಡ, ಗಾಳಿ ಕೆಟ್ಟದ್ದು ಎಂದು ಸ್ಥಳೀಯರು ಮೊದಲೇ ಹೇಳಿದ್ದರು. ನಕ್ಷೆ ಬರೆಯುವವರು ದನ ಕಾಯುವವರ ಮಾತು ಕೇಳದಿರುವುದು ನಮ್ಮ ಕಡೆ ಮಾತ್ರ ಅಲ್ಲ.

ಲಾರಿಗಳು ತಂಗುವ ಅಂಗಳದಲ್ಲಿ ನಿಲ್ಲಿಸಿಕೊಂಡೆವು. ಒಳಗೆ ಹೀಟರ್, ಅನ್ನ, ಸಾರು. ಮಕ್ಕಳು ಮಲಗಿದ್ದರು. ಹನ್ನೊಂದರ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು. ಒಬ್ಬ ಗಂಡಸು, ಹಿಂದೆ ಹಳೆಯ ಕಾರು, ಅದರಲ್ಲಿ ಹೆಂಗಸೊಬ್ಬಳು, ಮಗು. ಕಾರಿನ ಹೀಟರ್ ಕೆಟ್ಟಿದೆ, ಹೋಟೆಲುಗಳಲ್ಲಿ ರೂಮಿಲ್ಲ, ಅವರಿಬ್ಬರಿಗೆ ಮಾತ್ರ ರಾತ್ರಿ ಜಾಗ ಕೊಡುತ್ತೀರಾ ಎಂದ. ನಾನು ಜಾಗವಿಲ್ಲ ಎಂದೆ. ಬಾಗಿಲ ಸಂದಿನಲ್ಲೇ ಎರಡು ರಗ್ಗು ಕೊಟ್ಟೆ. ಅವನು ಥ್ಯಾಂಕ್ಸ್ ಹೇಳಿ ಹೋದ. ಬೆಳಿಗ್ಗೆ ಕಾರು ಇರಲಿಲ್ಲ.

ಜಾಗ ಇತ್ತು. ಊಟದ ಮೇಜು ತಗ್ಗಿಸಿದರೆ ಹಾಸಿಗೆಯಾಗುತ್ತದೆ.

ಆ ರಾತ್ರಿ ನಿದ್ದೆಯಿಲ್ಲದೆ ನೆನಪಾದದ್ದು ಅಜ್ಜನ ಮನೆ. ಸುಗ್ಗಿ ಮುಗಿದ ಮೇಲೆ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಬರುತ್ತಿದ್ದರು. ಕತ್ತೆಯ ಬೆನ್ನಿನ ಮೇಲೆ ಇಡೀ ಸಂಸಾರ: ಪಾತ್ರೆ, ಬಲೆ, ಈಗಷ್ಟೇ ಹುಟ್ಟಿದ ಮರಿಗಳು. ಹೊಲದಲ್ಲಿ ಮಂದೆ ಕಟ್ಟಿಸಿಕೊಂಡು ಗೊಬ್ಬರಕ್ಕೆ ಬದಲಾಗಿ ರಾಗಿ ಕೊಡುವುದು ವಾಡಿಕೆ. ಒಂದು ವರ್ಷ ಭರಣಿ ಮಳೆ ಆಲಿಕಲ್ಲಿನ ಸಮೇತ ಸುರಿಯಿತು. ಕಂಬಳಿ ಗೊಪ್ಪೆ ಹಾಕಿಕೊಂಡವನೊಬ್ಬ ಬಂದು, 'ಗೌಡ್ರೇ, ಮರಿಗಳು ಸಾಯ್ತವೆ' ಎಂದ. ಅಜ್ಜ ಮಲಗಿದ್ದಲ್ಲಿಂದಲೇ, 'ಕೊಟ್ಟಿಗೆ ಐತಲ್ಲಪ್ಪ, ಹೊಡ್ಕೊಂಡ್ ಬಾ' ಎಂದರು. ಯೋಚನೆಯೇ ಮಾಡಲಿಲ್ಲ.

ಅಜ್ಜ ನನಗಿಂತ ಒಳ್ಳೆಯವರು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರಿಗೆ ಆ ಮನುಷ್ಯ ಗೊತ್ತಿದ್ದ. ಮುಂದಿನ ವರ್ಷವೂ ಅವನ ಗೊಬ್ಬರ ಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಮನೆಗೆ ಜಗಲಿಯಿತ್ತು, ಕೊಟ್ಟಿಗೆಯಿತ್ತು. ಬೀದಿಗೂ ಅಡುಗೆಮನೆಗೂ ನಡುವೆ ಯಾರು ಎಲ್ಲಿಯವರೆಗೆ ಬರಬಹುದೆಂದು ಗೋಡೆಗಳೇ ಹೇಳುತ್ತಿದ್ದವು. ಹಾಗೆ ಹೇಳಿದ್ದರಲ್ಲಿ ಜಾತಿಯ ಕ್ರೌರ್ಯವೂ ಇತ್ತು. ಆ ರಾತ್ರಿ ಅವನ ಊಟ ಕೊಟ್ಟಿಗೆಗೇ ಹೋಯಿತು, ಬೇರೆ ತಟ್ಟೆಯಲ್ಲಿ. ಅಜ್ಜನ ಔದಾರ್ಯಕ್ಕೆ ಖರ್ಚು ಕಡಿಮೆ ಬಿದ್ದದ್ದು ಈ ಕಾರಣಕ್ಕೂ ಇರಬಹುದು. ಮೋಟರ್‌ಹೋಮ್‌ಗೆ ಜಗಲಿಯಿಲ್ಲ. ಬಾಗಿಲು ತೆರೆದರೆ ಅಪರಿಚಿತ ನೇರ ಮಕ್ಕಳ ಹಾಸಿಗೆಯ ಪಕ್ಕಕ್ಕೆ ಬರುತ್ತಾನೆ.

ಈ ವಾದ ಬಹಳ ದಿನ ನನ್ನನ್ನು ಕಾಪಾಡಿತು. ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆಯುತ್ತ, ಪರದೇಶಿಯನ್ನು ವಾಪಸು ಕಳಿಸಬಹುದು, ಆದರೆ ಅದರಿಂದ ಅವನು ನಾಶವಾಗಬಾರದು ಎನ್ನುತ್ತಾನೆ. ಅವನ ಮನಸ್ಸಿನಲ್ಲಿದ್ದದ್ದು ರಾಷ್ಟ್ರಗಳು. ನಾನು ಅದನ್ನು ಓದಿದ್ದು ನನ್ನ ಬಾಗಿಲಿಗೆ. ರಗ್ಗು ಕೊಟ್ಟಿದ್ದೆನಲ್ಲ, ನಾಶವಾಗಿರಲಾರರು ಎಂದುಕೊಂಡೆ. ಹೊರಗೆ ಎಷ್ಟು ಚಳಿಯೆಂದು ಮಾತ್ರ ಆ ರಾತ್ರಿ ಫೋನಿನಲ್ಲಿ ನೋಡಲಿಲ್ಲ. ನೋಡದೇ ಇದ್ದದ್ದು ಮರೆವಲ್ಲ.

ಇನ್ನೂ ಒಂದು ಸಂಗತಿ. ಮನೆಯನ್ನೇ ಹೊತ್ತು ನಡೆಯುವವನು ದಾರಿಯಲ್ಲಿ ಅತಿಥಿಯೋ, ಮನೆಯ ಯಜಮಾನನೋ? ಕುರಿಗಾಹಿ ಎಲ್ಲ ಊರಿನಲ್ಲೂ ಅತಿಥಿಯೇ. ಕೇಳುವುದು ಅವನಿಗೆ ರೂಢಿ. ನಾನು ಯಾರ ಬಾಗಿಲನ್ನೂ ತಟ್ಟಬೇಕಾಗದಂತೆ ಗ್ಯಾಸು, ನೀರು, ಅಕ್ಕಿ ತುಂಬಿಕೊಂಡು ಹೊರಟಿದ್ದೆ. ನನ್ನ ಬಾಗಿಲನ್ನು ಇನ್ನೊಬ್ಬರು ತಟ್ಟಬಹುದೆಂಬುದು ಆ ತಯಾರಿಯಲ್ಲಿ ಬರಲೇ ಇಲ್ಲ.

ಮಾರನೆಯ ಮಧ್ಯಾಹ್ನ ಗೇಟು ತೆರೆಯಿತು. ಹೊರಡುವ ಮುಂಚೆ ಹೆಂಡತಿ ಡ್ರೈವರ್ ಸೀಟಿನ ಹಿಂದಿನ ಪರದೆ ಸರಿಸಿದಳು. ರಾತ್ರಿ ಹೊರಗಿನ ಬೆಳಕು ಒಳಗೆ ಬೀಳದಿರಲೆಂದು ನಾನೇ ಎಳೆದಿದ್ದೆ. ಪರದೆಯ ಆಚೆ ಒರಗಿ ಮಲಗಬಹುದಾದ ಎರಡು ಸೀಟುಗಳಿದ್ದವು.