ದೃಷ್ಟಕಾರಣ, ಅದೃಷ್ಟಕಾರಣ

ಕಾರ್ಯವು ಕಣ್ಣೆದುರಿಗೇ ಇದ್ದು ಅದರ ಕಾರಣವು ಮಾತ್ರ ಕಾಣದೆ ಹೋದಾಗ ಮನುಷ್ಯನು ಎಲ್ಲಿಯವರೆಗೆ ಹುಡುಕತಕ್ಕದ್ದು, ಎಲ್ಲಿ ನಿಂತು 'ಇದು ಅದೃಷ್ಟದ, ಎಂದರೆ ಕಾಣದ ಕರ್ಮದ, ಫಲ' ಎಂದು ಕೈಮುಗಿಯತಕ್ಕದ್ದು ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಕರ್ಮಸಿದ್ಧಾಂತವನ್ನು ಮುಟ್ಟುವುದರಿಂದ ಅದು ಧರ್ಮದ ಪ್ರಶ್ನೆ. ಪ್ರಮಾಣಗಳನ್ನು ಮುಟ್ಟುವುದರಿಂದ ತರ್ಕದ ಪ್ರಶ್ನೆಯೂ ಹೌದು. ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ನನ್ನ ಬಂಧುಗಳ ಮನೆಯ ಹುಡುಗನೊಬ್ಬನ ಗೇಮಿಂಗ್ ಲ್ಯಾಪ್‌ಟಾಪು ಹೇತು ತಿಳಿಯದೆ ಮಂದವಾದ ಸಂದರ್ಭದಲ್ಲಿ ಈ ಪ್ರಶ್ನೆಯು ತನ್ನ ಕವಲುಗಳೆಲ್ಲದರೊಡನೆ ಎದುರಾಯಿತಾಗಿ, ಆ ಯಂತ್ರವನ್ನೇ ಮುಂದಿಟ್ಟುಕೊಂಡು ವಿಚಾರ ಮಾಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಹುಡುಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದು ರಜೆಗೆಂದು ಊರಿಗೆ ಬಂದಿದ್ದನು. ಸೆಕೆಂಡಿಗೆ 90 ಫ್ರೇಮುಗಳಂತೆ ಲೀಲಾಜಾಲವಾಗಿ ಓಡುತ್ತಿದ್ದ ಆಟವು ಊರಿನಲ್ಲಿ ಸ್ವಲ್ಪ ಹೊತ್ತು ಚೆನ್ನಾಗಿ ನಡೆದು, ಅನಂತರ 30ಕ್ಕೆ ಇಳಿದು ತಡವರಿಸತೊಡಗಿತು. ಕೋಲಾರದ ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿಯ ರಿಪೇರಿಯವರು ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಫ್ಯಾನಿನ ಬದಿಯ ತಾಮ್ರದ ತೆಳುವಾದ ಪಟ್ಟಿಗಳ ನಡುವೆ ಕಂಬಳಿಯಂತೆ ಹೆಣೆದುಕೊಂಡಿದ್ದ ಧೂಳನ್ನು ಬ್ರಷ್ಷಿನಿಂದ ಎಬ್ಬಿಸಿ ತೆಗೆದು, ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿ, ಗ್ರಾಫಿಕ್ಸ್ ಡ್ರೈವರನ್ನು ಬದಲಾಯಿಸಿ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದರು. ಅಂಗಡಿಯ ಮೇಜಿನ ಮೇಲೆ ಆಟವು ಮತ್ತೆ 90ಕ್ಕೆ ಏರಿತು. ವಕ್ಕಲೇರಿಗೆ ತಂದರೆ ಪುನಃ 30.

"ಕಣ್ಣು ಬಿದ್ದೈತೆ ಕಣಪ್ಪ, ಅಷ್ಟು ದುಡ್ಡಿನ ವಸ್ತು ಎಲ್ಲರ ಮುಂದೆ ಇಟ್ಕೊಂಡು ಕೂತ್ಕೊಂತೀಯ" ಎಂದು ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹುಡುಗನ ಸೋದರಮಾವನು, ಅಂಗಡಿಯಲ್ಲಿ ಸರಿಯಾಗಿ ನಡೆಯುವುದು ಮನೆಯಲ್ಲಿ ನಡೆಯದೆಂದ ಮೇಲೆ ದೋಷವಿರುವುದು ಮನೆಯಲ್ಲಿಯೇ ಎಂದು, ಕೋಣೆಯ ವಾಸ್ತುವನ್ನು ತೋರಿಸಬೇಕೆಂದನು. "ಅದೆಲ್ಲ ಏನಿಲ್ಲ ಮಾವ, ಅಪ್‌ಡೇಟ್ ಬಂದು ಹಿಂಗಾಗೈತೆ" ಎಂದು ಹುಡುಗನು ವಾದಿಸಿದನು. ಈ ಮೂವರಲ್ಲಿ ಹುಡುಗನೊಬ್ಬನೇ ವಿಚಾರವಂತನೆಂದು ಹೊರಗಿನವರು ತಿಳಿದಾರು; ನನಗೆ ಹಾಗೆ ತೋರಲಿಲ್ಲ. ಅಜ್ಜಿಯ ಮಾತಿನಲ್ಲಿ ಕಣ್ಣು ಯಾವ ಸ್ಥಾನದಲ್ಲಿತ್ತೋ ಅವನ ಮಾತಿನಲ್ಲಿ ಅಪ್‌ಡೇಟು ಅದೇ ಸ್ಥಾನದಲ್ಲಿತ್ತು: ಎರಡನ್ನೂ ಯಾರೂ ಪರೀಕ್ಷಿಸಿರಲಿಲ್ಲ.

ನಿಜವಾಗಿ ನೋಡಿದರೆ ತರ್ಕಶಾಸ್ತ್ರದ ಕ್ರಮಕ್ಕೆ ಎಲ್ಲರಿಗಿಂತ ಸಮೀಪದಲ್ಲಿದ್ದವನು ಸೋದರಮಾವನೇ. ಒಂದು ಇದ್ದಾಗ ಕಾರ್ಯವಿರುವುದು ಅನ್ವಯ, ಅದು ಇಲ್ಲದಾಗ ಕಾರ್ಯವಿಲ್ಲದಿರುವುದು ವ್ಯತಿರೇಕ. ಇವೆರಡೂ ಕೂಡಿದಲ್ಲಿ ಕಾರಣತ್ವವನ್ನು ನಿಶ್ಚಯಿಸಬಹುದೆಂಬುದು ಪ್ರಸಿದ್ಧವಾದ ನಿಯಮ. ಮನೆಯಲ್ಲಿದ್ದಾಗ ಮಾಂದ್ಯವುಂಟು, ಮನೆಯಿಂದ ಹೊರಗೆ ಮಾಂದ್ಯವಿಲ್ಲ. ಹಾಗಾದರೆ ಮನೆಯು ಕಾರಣವಲ್ಲವೆಂದು ಹೇಳಲು ನಮಗಿರುವ ಆಧಾರವೇನು?

ಇದಕ್ಕೆ ನೈಯಾಯಿಕರು ಕೊಟ್ಟ ಉತ್ತರವೇ ಉಪಾಧಿಯ ವಿಚಾರ. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬುದು ಸರಿಯಾದರೂ, ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂಬುದು ಸರಿಯಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆ ಬೇಕು. ಆ ಹಸಿ ಸೌದೆಯೇ ಇಲ್ಲಿ ಉಪಾಧಿ. ಅದು ನಮ್ಮ ಗಮನಕ್ಕೆ ಬಾರದಿರುವಷ್ಟು ಕಾಲ ಬೆಂಕಿಗೂ ಹೊಗೆಗೂ ನಿಯತವಾದ ಸಂಬಂಧವಿದೆಯೆಂಬ ಭ್ರಾಂತಿ ಉಳಿದಿರುತ್ತದೆ. ಮಿಥಿಲೆಯ ಗಂಗೇಶೋಪಾಧ್ಯಾಯನು ತತ್ತ್ವಚಿಂತಾಮಣಿಯಲ್ಲಿ ಈ ವಿಷಯವನ್ನು ಅತಿಸೂಕ್ಷ್ಮವಾಗಿ ವಿಸ್ತರಿಸಿದನು. ನವ್ಯನ್ಯಾಯವೆಂದು ಹೆಸರಾದ ಆ ತರ್ಕಪದ್ಧತಿಯ ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು ತರ್ಕತಾಂಡವದಲ್ಲಿ ಪರೀಕ್ಷೆಗೆ ಗುರಿಪಡಿಸಿದ ವ್ಯಾಸತೀರ್ಥರು ಶಾಸ್ತ್ರಾಭ್ಯಾಸ ಮಾಡಿದುದು ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ, ಶ್ರೀಪಾದರಾಜರ ಸನ್ನಿಧಿಯಲ್ಲಿ. ಕಾರಣವನ್ನು ಶೋಧಿಸುವ ವಿದ್ಯೆಯು ಹೊರದೇಶದಿಂದ ಯಂತ್ರಗಳೊಡನೆ ನಮ್ಮಲ್ಲಿಗೆ ಬಂದಿಳಿಯಿತೆಂದು ಭಾವಿಸುವ ಕೋಲಾರದ ತರುಣರು ಒಮ್ಮೆ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ನೆಲೆಯಾದ ನರಸಿಂಹತೀರ್ಥಕ್ಕೆ ಹೋಗಿ ಬರುವುದು ಒಳ್ಳೆಯದು.

ಇನ್ನು ಅಂಗಡಿಯವರು ಮಾಡಿದುದೇನು? ನಾಲ್ಕು ಕೆಲಸಗಳನ್ನು ಒಂದೇ ಮಧ್ಯಾಹ್ನದಲ್ಲಿ, ಒಂದರ ಮೇಲೊಂದರಂತೆ ಮಾಡಿ ಮುಗಿಸಿದುದು. ಮಡಕೆಗೆ ಮಣ್ಣು, ಚಕ್ರ, ಕುಂಬಾರ ಇವು ಕಾರಣಗಳಾದರೂ, ಮಣ್ಣನ್ನು ಹೊತ್ತು ತಂದ ಕತ್ತೆಯು ಕಾರ್ಯಕ್ಕೆ ಮುಂಚೆ ಅಲ್ಲಿದ್ದ ಮಾತ್ರಕ್ಕೆ ಕಾರಣವಾಗದೆಂದು, ಅದನ್ನು ಅನ್ಯಥಾಸಿದ್ಧವೆಂದು ಶಾಸ್ತ್ರಕಾರರು ಬೇರ್ಪಡಿಸುತ್ತಾರೆ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಯಾವುದು ಚಕ್ರ, ಯಾವುದು ಕತ್ತೆ ಎಂಬುದು ತಿಳಿಯುವ ಮಾರ್ಗವೇ ಇಲ್ಲ. ಹೊಟ್ಟೆಯಪಾಡಿನ ಅವಸರದಲ್ಲಿರುವ ಅವರನ್ನು ನಾನು ದೂಷಿಸಲಾರೆ; ಗಿರಾಕಿಗೆ ಬೇಕಾದುದು ಓಡುವ ಯಂತ್ರವೇ ಹೊರತು ಓಟದ ಮೀಮಾಂಸೆಯಲ್ಲ. ಆದರೂ ಫಲವು ದೊರೆತು ಜ್ಞಾನವು ದೊರೆಯದಿದ್ದುದರಿಂದಲೇ ಆ ಫಲವು ಊರಿನವರೆಗೂ ಉಳಿಯಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಮನೆಯಲ್ಲಿ ಮತ್ತೆ ಆರಂಭಿಸಿದಾಗ ಒಂದು ಕಟ್ಟಳೆಯನ್ನು ಹಾಕಿಕೊಂಡೆವು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಮಿಕ್ಕುದನ್ನು ಮುಟ್ಟದಿರುವುದು. ಮೊದಲು ಉಷ್ಣತೆ. ಪ್ರೊಸೆಸರುಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಇದರ ಉಷ್ಣತೆ ಆಟವು ಮಂದವಾದ ಗಳಿಗೆಯಲ್ಲಿ 70ನ್ನು ದಾಟಿರಲಿಲ್ಲ. ಕಾರ್ಯವಿದ್ದೂ ತಾಪವಿಲ್ಲದುದರಿಂದ ತಾಪವು ಕಾರಣವಲ್ಲ. ಹೀಗೆ ಹೇಳುವಾಗಲೂ ಭಾಟ್ಟಮೀಮಾಂಸಕರು ವಿಧಿಸಿದ ಎಚ್ಚರವೊಂದನ್ನು ಪಾಲಿಸಬೇಕು: ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯಿರುವಲ್ಲಿ ಮಾತ್ರ, ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆಯಿಲ್ಲವೆಂದಾಗದು.

ಆಗ ಕಂಡುದು ತೆರೆಯ ಕೆಳಮೂಲೆಯ ಸಣ್ಣ ಅಂಕೆ. ಚಾರ್ಜರು ಸಿಕ್ಕಿಸಿಯೇ ಇತ್ತು. ಆದರೂ ಆಟ ನಡೆಯುತ್ತಿದ್ದ ಹಾಗೆ ಬ್ಯಾಟರಿಯ ಪ್ರಮಾಣವು 100ರಿಂದ 97ಕ್ಕೆ, 97ರಿಂದ 94ಕ್ಕೆ ಇಳಿಯುತ್ತಲೇ ಇತ್ತು. ವಿದ್ಯುತ್ತು ಒಳಗೆ ಬರುತ್ತಿರುವಾಗ ಸಂಚಯವು ಕರಗುವುದೆಂದರೆ ಬರುವುದಕ್ಕಿಂತ ವ್ಯಯವೇ ಹೆಚ್ಚೆಂದು ಅರ್ಥ; ಇದೇ ನಮಗೆ ದೊರೆತ ಲಿಂಗ, ಎಂದರೆ ಕುರುಹು. ಹುಡುಗನನ್ನು ಕೇಳಿದರೆ "ಚಾರ್ಜರ್ ಅದೇ, ಬದಲಾಗಿಲ್ಲ" ಎಂದನು. ಅವನು ಸುಳ್ಳಾಡುವವನಲ್ಲ. ಆದರೆ ಆಪ್ತವಾಕ್ಯವು ಪ್ರಮಾಣವಾಗಬೇಕಾದರೆ ಹೇಳುವವನಲ್ಲಿ ಪ್ರಾಮಾಣಿಕತೆಯ ಜೊತೆಗೆ ಆ ವಿಷಯದ ಯಥಾರ್ಥಜ್ಞಾನವೂ ಇರಬೇಕು, ಸಾಧ್ಯವಿದ್ದಲ್ಲಿ ಇನ್ನೊಂದು ಪ್ರಮಾಣದ ಬೆಂಬಲವೂ ಇರಬೇಕು. ಇದೇ ವಕ್ಕಲೇರಿಯ ಹೆಸರನ್ನು ಇತಿಹಾಸದಲ್ಲಿ ಉಳಿಸಿರುವ ತಾಮ್ರಶಾಸನವು ಅದಕ್ಕೆ ಉತ್ತಮವಾದ ನಿದರ್ಶನ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನು ಕ್ರಿ.ಶ. 757ರಲ್ಲಿ ಹೊರಡಿಸಿದ ಆ ಶಾಸನವು, ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದೂ ನಗರವನ್ನು ಹಾಳುಗೆಡವದೆ, ರಾಜಸಿಂಹೇಶ್ವರ ದೇವಾಲಯಕ್ಕೆ ಅದರ ಸುವರ್ಣರಾಶಿಯನ್ನು ಮರಳಿ ಒಪ್ಪಿಸಿದನೆಂದು ಹೇಳುತ್ತದೆ. ಮಗನು ತಂದೆಯನ್ನು ಹೊಗಳಿಸಿದ ಮಾತನ್ನು ಅಷ್ಟರಿಂದಲೇ ಯಾರು ನಂಬಿಯಾರು? ಆದರೆ ಕಂಚಿಯ ಆ ದೇವಾಲಯದ ಕಂಬದ ಮೇಲೆಯೇ, ಗೆಲ್ಲಲ್ಪಟ್ಟವರ ನೆಲದಲ್ಲಿಯೇ, ವಿಕ್ರಮಾದಿತ್ಯನ ಕನ್ನಡ ಶಾಸನವು ನಿಂತು ಅದೇ ಸಂಗತಿಯನ್ನು ಸಾರುತ್ತಿರುವುದರಿಂದ ಮಾತಿಗೆ ಬಲ ಬಂದಿದೆ.

ಹುಡುಗನ ಮಾತಿಗೂ ಅಂಥ ಬೆಂಬಲವನ್ನು ಹುಡುಕಿ ಚಾರ್ಜರನ್ನು ಮಗುಚಿ ನೋಡಿದೆವು. 20 ವೋಲ್ಟ್, 6 ಆಂಪಿಯರ್ ಎಂದಿತ್ತು, ಅಂದರೆ 120 ವಾಟ್. ಯಂತ್ರದೊಡನೆ ಬಂದಿದ್ದುದು 240 ವಾಟಿನದು. ಒಂದೇ ಬಣ್ಣದ, ಒಂದೇ ಪಿನ್ನಿನ ಇನ್ನೊಂದರೊಡನೆ ಹಾಸ್ಟೆಲಿನಲ್ಲಿ ಅದಲುಬದಲಾಗಿತ್ತು. ಕೊರತೆಯನ್ನು ಬ್ಯಾಟರಿಯು ಸ್ವಲ್ಪ ಹೊತ್ತು ತುಂಬಿಕೊಡುತ್ತಿತ್ತು. ಅದು ತಗ್ಗಿದೊಡನೆ ಯಂತ್ರವು ತನ್ನ ಶಕ್ತಿಯನ್ನು ಮಿತಿಗೊಳಿಸಿಕೊಳ್ಳುತ್ತಿತ್ತು. ಕೋಲಾರಕ್ಕೆ ಯಂತ್ರವನ್ನು ಮಾತ್ರ ಒಯ್ದಿದ್ದುದರಿಂದ ಅಂಗಡಿಯವರು ತಮ್ಮ ದೊಡ್ಡ ಚಾರ್ಜರನ್ನೇ ಸಿಕ್ಕಿಸಿದ್ದರು. ಸೋದರಮಾವನ ಅನ್ವಯವ್ಯತಿರೇಕದೊಳಗೆ ಅಡಗಿದ್ದ ಹಸಿ ಸೌದೆ ಇದೇ.

ಹಾಗಾದರೆ ಅದೃಷ್ಟವೆಂಬುದು ಅಜ್ಞಾನಕ್ಕೆ ಇಟ್ಟ ಹೆಸರು ಮಾತ್ರವೆ? ವೈಶೇಷಿಕಸೂತ್ರದಲ್ಲಿ ಕಣಾದರು ಅಯಸ್ಕಾಂತದ ಕಡೆಗೆ ಸೂಜಿಯು ಸರಿಯುವುದನ್ನೂ, ಅಗ್ನಿಯು ಮೇಲ್ಮುಖವಾಗಿ ಉರಿಯುವುದನ್ನೂ ಅದೃಷ್ಟಕಾರಣಕವೆಂದು ಎಣಿಸಿದ್ದಾರೆ. ಇಂದು ಅದೇ ಅಯಸ್ಕಾಂತದ ಬಲದಿಂದ ಈ ಲ್ಯಾಪ್‌ಟಾಪಿನ ಫ್ಯಾನು ತಿರುಗುತ್ತಿದೆ, ಅದರ ಗಣಿತವನ್ನು ಹುಡುಗನು ಪರೀಕ್ಷೆಗೆ ಓದುತ್ತಿದ್ದಾನೆ. ಇದರಿಂದ ಕಣಾದರಿಗೆ ಕುಂದೇನೂ ಬಾರದು. ತಮ್ಮ ಕಾಲದಲ್ಲಿ ಕಾಣಬಹುದಾಗಿದ್ದುದರ ಎಲ್ಲೆಯನ್ನು ಅವರು ಪ್ರಾಮಾಣಿಕವಾಗಿ ಗುರುತಿಸಿಟ್ಟರು. ನ್ಯಾಯಕುಸುಮಾಂಜಲಿಯಲ್ಲಿ ಅದೃಷ್ಟವನ್ನು ಎತ್ತಿಹಿಡಿದ ನೈಯಾಯಿಕ ಉದಯನನಾದರೂ, ದೃಷ್ಟಕಾರಣಗಳಷ್ಟರಿಂದಲೇ ಲೋಕದ ವೈಚಿತ್ರ್ಯವು ವಿವರಣೆಗೆ ಸಿಕ್ಕದೆಂಬ ಹಂತಕ್ಕೆ ತಲುಪಿದ ಮೇಲೆಯೇ ಅದನ್ನು ಒಪ್ಪುತ್ತಾನೆ. ದೃಷ್ಟವು ಸಾಧ್ಯವಿರುವಲ್ಲಿ ಅದೃಷ್ಟವನ್ನು ಕಲ್ಪಿಸುವುದು ನ್ಯಾಯವಲ್ಲವೆಂಬುದು ವೇದವನ್ನೇ ಸರ್ವಸ್ವವೆಂದು ಬಗೆದ ಮೀಮಾಂಸಕರ ನಿಯಮ. ಆಸ್ತಿಕರಾದವರೇ ಹಾಕಿದ ಬೇಲಿಯಿದು.

ಈ ನಿಯಮದ ಅತ್ಯಂತ ಭವ್ಯವಾದ ಆಚರಣೆಯು ನಡೆದುದು ಇದೇ ಜಿಲ್ಲೆಯ ನೆಲದಡಿಯಲ್ಲಿ. ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮೊದಲಾದವರು, ಆಕಾಶದಿಂದ ಬರುವ ಕಣಗಳು ಆಳಕ್ಕೆ ಇಳಿದಂತೆಲ್ಲ ಎಷ್ಟು ಕಡಿಮೆಯಾಗುತ್ತವೆಂಬುದನ್ನು ಮಟ್ಟಮಟ್ಟವಾಗಿ ಅಳೆಯುತ್ತ ಹೋಗಿ, ಅತ್ಯಂತ ಆಳದ ಮಟ್ಟದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಕಣವೂ ಕಾಣದ ಸ್ಥಿತಿಯನ್ನು ಮುಟ್ಟಿದರು. ಬೇರೆ ಸಾಧಕರು ಇದನ್ನು ಸೋಲೆಂದು ತಿಳಿದು ಮೇಲಕ್ಕೆ ಬರುತ್ತಿದ್ದರೇನೋ! ಇವರು ಆ ಶೂನ್ಯವನ್ನೇ ಪ್ರಮಾಣವಾಗಿ ಹಿಡಿದರು. ಬೇರೆ ಕಾರಣಗಳೆಲ್ಲ ಬಂಡೆಯಲ್ಲಿ ಅಡಗಿಹೋದ ಅಂಥ ಆಳದಲ್ಲಿ ಅಡ್ಡಲಾಗಿ ಹಾಯ್ದುಬರುವ ಕಣವೊಂದು ಕಂಡರೆ ಅದು ನ್ಯೂಟ್ರಿನೋವಿನಿಂದಲ್ಲದೆ ಬೇರೊಂದರಿಂದ ಹುಟ್ಟಿರಲಾರದೆಂಬ ಪರಿಶೇಷಾನುಮಾನದಿಂದ, 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಜಪಾನಿನ ಒಸಾಕದ ಮತ್ತು ಇಂಗ್ಲೆಂಡಿನ ಡರಮ್‌ನ ವಿಜ್ಞಾನಿಗಳೊಡಗೂಡಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಕಂಡರು. ಕಾಣದುದನ್ನು ಒಪ್ಪಬೇಕಾದರೆ ಕಾಣುವುದನ್ನೆಲ್ಲ ಮೊದಲು ಕಳೆಯಬೇಕೆಂಬ ಶಿಸ್ತನ್ನು ನಾನು ತಪಸ್ಸೆಂದೇ ಕರೆಯುತ್ತೇನೆ.

ಅಜ್ಜಿಯು ನಿವಾಳಿಸಿದುದರಲ್ಲಿ ವಾತ್ಸಲ್ಯವಿತ್ತು, ಅದನ್ನು ಅಳಿಸಬೇಕೆಂದು ನಾನು ಹೇಳೆನು. ಒಬ್ಬರ ಪಾಲಿಗೆ ದುಃಖವೂ ಒಬ್ಬರ ಪಾಲಿಗೆ ಸುಖವೂ ಏಕೆ ಬರುವುದೆಂಬ ಮಹಾಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಕರ್ಮಸಿದ್ಧಾಂತವನ್ನು 120 ವಾಟಿನ ಚಾರ್ಜರಿಗೆ ಹೊಣೆಮಾಡಿದರೆ ಅದರ ಗೌರವಕ್ಕೆ ಹಾನಿಯಾಗುವುದೆಂಬುದಷ್ಟೇ ನನ್ನ ವಾದ. ಓದುಗರ ಮನೆಯಲ್ಲಿಯೂ ಇಂಥ ಯಂತ್ರವೊಂದು ಮಂದವಾದರೆ, ಎಲ್ಲವನ್ನೂ ಒಮ್ಮೆಲೇ ಬದಲಾಯಿಸಲು ಹೊರಡಬೇಡಿರಿ. ಚಾರ್ಜರಿನ ಬೆನ್ನಿನ ಅಂಕೆಗಳನ್ನು ಓದಿ, ಉಷ್ಣತೆಯನ್ನು ಅಳೆದು, ಒಂದೊಂದನ್ನೇ ಬೇರ್ಪಡಿಸಿ ನೋಡಿರಿ, ಕಂಡುದನ್ನು ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಯಿಸಿಡಿರಿ.